ಸಂಪಾದಕನ ಕುರ್ಚಿಯಿಂದ ಮಂತ್ರಿಗಿರಿಗೆ: ಜೋಸೆಫಸ್ ಡೇನಿಯಲ್ಸ್ ಬಗ್ಗೆ ಚರ್ಚೆ

ಬೇಲೂರಿನವಳು:

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ, ಕೇರಿ, ಮಾರಿಸ್‌ವಿಲ್ ಕಡೆ ಕನ್ನಡದವರು ಈಗ ಬಹಳ ಜನ ಇದ್ದೇವೆ. ಕೆಲಸ, ಮಕ್ಕಳ ಶಾಲೆ, ಮನೆ ಸಾಲ ಅಂತ ದಿನ ಹೋಗುತ್ತದೆ. ನಾವಿರುವ ಊರಿನ ಹಳೇ ಕಥೆ ಯಾರೂ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜೋಸೆಫಸ್ ಡೇನಿಯಲ್ಸ್ ಅಂತ ಒಬ್ಬ ಪತ್ರಿಕಾ ಸಂಪಾದಕ ಇದ್ದ. ಹುಟ್ಟಿದ್ದು 1862ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗ. ಅಪ್ಪ ಹಡಗು ಕಟ್ಟುವ ಕೆಲಸದವನು, ಯುದ್ಧ ಮುಗಿಯುವ ಮೊದಲೇ ತೀರಿಕೊಂಡ. ಅಮ್ಮ ವಿಲ್ಸನ್ ಅನ್ನುವ ಸಣ್ಣ ಊರಿನಲ್ಲಿ ಪೋಸ್ಟ್ ಆಫೀಸ್ ನಡೆಸುತ್ತಾ ಮಕ್ಕಳನ್ನು ಬೆಳೆಸಿದಳು. ಹುಡುಗ ಹದಿನೆಂಟಕ್ಕೇ ಆ ಊರಿನ ಪತ್ರಿಕೆಯ ಸಂಪಾದಕನಾದ. ಅವನ ಪತ್ರಿಕೆ ಡೆಮಾಕ್ರಟರ ಪರ. ಆಗ ದಕ್ಷಿಣದಲ್ಲಿ ಅದು ಬಿಳಿಯರ ಮೇಲುಗಾರಿಕೆಯ ಪಕ್ಷ. ಆಗ ಕೇಂದ್ರ ಸರ್ಕಾರ ಇದ್ದದ್ದು ರಿಪಬ್ಲಿಕನ್ನರ ಕೈಯಲ್ಲಿ. ಮಗನ ಬರವಣಿಗೆಯಿಂದಾಗಿ ಅಮ್ಮನ ಪೋಸ್ಟ್ ಆಫೀಸ್ ಕೆಲಸವೇ ಹೋಯಿತು. ಪತ್ರಿಕೆಯಲ್ಲಿ ಬರೆದದ್ದಕ್ಕೆ ಎಷ್ಟು ಬಲ ಇರುತ್ತದೆ ಅನ್ನುವುದು ಅವನಿಗೆ ಆ ವಯಸ್ಸಿನಲ್ಲೇ ಗೊತ್ತಾಗಿರಬೇಕು.

ಆಮೇಲೆ ರಾಲಿಗೆ ಬಂದ. ಡರ್ಹಮ್‌ನ ತಂಬಾಕು ಸಾಹುಕಾರ ಜೂಲಿಯನ್ ಕಾರ್ ದುಡ್ಡಿನ ಬೆನ್ನು ಕೊಟ್ಟ. ರಾಜ್ಯ ಸರ್ಕಾರದ ಮುದ್ರಣದ ಕೆಲಸ ಸಿಕ್ಕಿತು. 1894ರಲ್ಲಿ 'ನ್ಯೂಸ್ ಅಂಡ್ ಅಬ್ಸರ್ವರ್' ಪತ್ರಿಕೆ ಅವನ ಕೈಗೆ ಬಂತು. ಅಲ್ಲಿಂದ ಏಣಿ ಹತ್ತಿದ ಹಾಗೆ ಮೇಲೆ ಹೋದ. 1913ರಿಂದ 1921ರವರೆಗೆ ಅಮೆರಿಕದ ನೌಕಾಪಡೆಯ ಮಂತ್ರಿ. 1933ರಿಂದ 1941ರವರೆಗೆ ಮೆಕ್ಸಿಕೋದಲ್ಲಿ ರಾಯಭಾರಿ. 1948ರಲ್ಲಿ ರಾಲಿಯಲ್ಲೇ ಸತ್ತ.

ಇವನ ಬಗ್ಗೆ ಓದುವವರು ಸಾಮಾನ್ಯವಾಗಿ ಇಬ್ಬರು ಡೇನಿಯಲ್ಸ್ ಇದ್ದ ಹಾಗೆ ಮಾತಾಡುತ್ತಾರೆ. ಒಬ್ಬ ಸುಧಾರಕ, ಇನ್ನೊಬ್ಬ ಜನಾಂಗ ದ್ವೇಷಿ. ಒಳ್ಳೆಯದನ್ನೂ ನೋಡಿ, ಕೆಟ್ಟದ್ದನ್ನೂ ನೋಡಿ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇದ್ದದ್ದು ಒಬ್ಬನೇ ಡೇನಿಯಲ್ಸ್. ಅವನು ಹತ್ತಿದ ಏಣಿಯ ಗಟ್ಟಿ ಮೆಟ್ಟಿಲು 1898. ನಿಮಗೆ ಏನನ್ನಿಸುತ್ತದೆ ಹೇಳಿ.

ಸುಮ್ನೆ ಓದುಗ:

ಮೇಡಂ, 1898ರಲ್ಲಿ ಏನಾಯಿತು ಅಂತ ಬಿಡಿಸಿ ಹೇಳಿ. ನನ್ನಂಥವರಿಗೆ ಅಮೆರಿಕದ ಇತಿಹಾಸ ಅಂದರೆ ಲಿಂಕನ್, ಆಮೇಲೆ ನೇರ ಮಾರ್ಟಿನ್ ಲೂಥರ್ ಕಿಂಗ್. ನಡುವಿನದ್ದು ಏನೂ ಗೊತ್ತಿಲ್ಲ.

ಬೇಲೂರಿನವಳು:

ನಡುವಿನದ್ದೇ ಮುಖ್ಯ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಗುಲಾಮಗಿರಿ ಹೋದ ಮೇಲೆ ಕಪ್ಪು ಗಂಡಸರಿಗೆ ಮತ ಬಂತು. ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಅದನ್ನು ಬೇಗ ಕಿತ್ತುಕೊಂಡರು. ನಾರ್ತ್ ಕೆರೊಲಿನಾದಲ್ಲಿ ಮಾತ್ರ ಬೇರೆಯೇ ಒಂದು ಸಂಗತಿ ನಡೆಯಿತು. ಬೆಳೆಗೆ ಬೆಲೆ ಇಲ್ಲದೆ, ರೈಲ್ವೆ ಕಂಪನಿಗಳ ದರಕ್ಕೆ, ಸಾಲದ ಬಡ್ಡಿಗೆ ಸಿಕ್ಕಿ ನರಳುತ್ತಿದ್ದ ಬಡ ಬಿಳಿ ರೈತರು ಪಾಪ್ಯುಲಿಸ್ಟ್ ಪಕ್ಷ ಕಟ್ಟಿದರು. ಅವರು ರಿಪಬ್ಲಿಕನ್ನರ ಜೊತೆ ಕೈ ಜೋಡಿಸಿದರು. ಕಪ್ಪು ಜನರ ಮತ ಇದ್ದದ್ದು ರಿಪಬ್ಲಿಕನ್ನರಿಗೆ. ಅಂದರೆ ಬಡ ಬಿಳಿಯರು, ಕಪ್ಪು ಜನ ಒಂದೇ ಕಡೆ ಮತ ಹಾಕಿದರು. ಇದಕ್ಕೆ ಫ್ಯೂಷನ್ ಅಂತ ಹೆಸರು. 1894ರಲ್ಲಿ ಇವರು ಶಾಸನಸಭೆ ಗೆದ್ದರು. 1896ರಲ್ಲಿ ಡೇನಿಯಲ್ ರಸಲ್ ಅನ್ನುವ ರಿಪಬ್ಲಿಕನ್ ರಾಜ್ಯಪಾಲನಾದ. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುವುದು. ಅದೇ ವರ್ಷ ಜಾರ್ಜ್ ಹೆನ್ರಿ ವೈಟ್ ಅನ್ನುವ ಕಪ್ಪು ವಕೀಲರು ವಾಷಿಂಗ್ಟನ್ನಿನ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಆರಿಸಿ ಬಂದರು.

ಡೆಮಾಕ್ರಟರು ಕಂಗಾಲಾದರು. ಬಡ ಬಿಳಿಯ ಬೇರೆ ಯಾವ ಮಾತಿಗೂ ವಾಪಸ್ ಬರುವುದಿಲ್ಲ, ಬಣ್ಣದ ಮಾತಿಗೆ ಮಾತ್ರ ಬರುತ್ತಾನೆ ಅಂತ ಪಕ್ಷದ ಅಧ್ಯಕ್ಷ ಫರ್ನಿಫೋಲ್ಡ್ ಸಿಮನ್ಸ್ ಲೆಕ್ಕ ಹಾಕಿದ. ಭಾಷಣ ಮಾಡುವವರು ಬೇಕು, ಬರೆಯುವವರು ಬೇಕು, ರಾತ್ರಿ ಕುದುರೆ ಮೇಲೆ ಹೋಗಿ ಹೆದರಿಸುವವರು ಬೇಕು. ಬರೆಯುವ ಕೆಲಸ ಡೇನಿಯಲ್ಸ್‌ನದ್ದು. ಹೆದರಿಸುವ ಕೆಲಸ ಕೆಂಪಂಗಿಯವರದ್ದು, ಅಂದರೆ ಕೆಂಪು ಅಂಗಿ ತೊಟ್ಟು ಬಂದೂಕು ಹಿಡಿದು ಬರುತ್ತಿದ್ದ ಡೆಮಾಕ್ರಟರ ಪರದ ಗುಂಪುಗಳದ್ದು.

1898ರ ಆಗಸ್ಟಿನಿಂದ ನವೆಂಬರ್‌ವರೆಗೆ 'ನ್ಯೂಸ್ ಅಂಡ್ ಅಬ್ಸರ್ವರ್' ಒಂದೇ ರಾಗ ಹಾಡಿತು. ಎಲ್ಲೋ ಒಬ್ಬ ಕಪ್ಪು ಮನುಷ್ಯ ಸರ್ಕಾರಿ ಹುದ್ದೆಯಲ್ಲಿ ಇದ್ದಾನೆ ಅಂದರೆ ಸುದ್ದಿ. ಯಾರೋ ಬಿಳಿ ಹೆಂಗಸಿಗೆ ದಾರಿ ಬಿಡಲಿಲ್ಲ ಅಂದರೆ ದೊಡ್ಡ ಸುದ್ದಿ. ಸತ್ಯವೋ ಸುಳ್ಳೋ ನೋಡುವವರು ಯಾರೂ ಇರಲಿಲ್ಲ. ನಾರ್ಮನ್ ಜೆನೆಟ್ ಅನ್ನುವ ಹುಡುಗ ವ್ಯಂಗ್ಯಚಿತ್ರ ಬರೆಯುತ್ತಿದ್ದ. ಸೆಪ್ಟೆಂಬರ್ 27ರ ಚಿತ್ರ ಈಗಲೂ ಸಿಗುತ್ತದೆ, ನೋಡಿ. ಬಾವಲಿ ರೆಕ್ಕೆಯ ಒಂದು ದೈತ್ಯ. ಮುಖ ಕಪ್ಪು ಮನುಷ್ಯನದು. ರೆಕ್ಕೆಯ ಮೇಲೆ 'ನೀಗ್ರೋ ಆಳ್ವಿಕೆ' ಅಂತ ಬರೆದಿದೆ. ಒಂದು ಕಾಲು ಮತಪೆಟ್ಟಿಗೆಯ ಮೇಲೆ. ಉಗುರು ಚಾಚಿದ ಕೈಗಳ ಕೆಳಗೆ ಓಡುತ್ತಿರುವ ಬಿಳಿ ಜನ, ಬಿಳಿ ಹೆಂಗಸರು. ಓದು ಬಾರದವನಿಗೂ ಅರ್ಥವಾಗುವ ಚಿತ್ರ. ಪಕ್ಷದವರೇ ದುಡ್ಡು ಹಾಕಿ ಪತ್ರಿಕೆಯನ್ನು ಹಳ್ಳಿಗಳಿಗೆ ಪುಕ್ಕಟೆ ಹಂಚಿಸಿದರು.

ವಿಲ್ಮಿಂಗ್ಟನ್ ಆಗ ಆ ರಾಜ್ಯದ ಅತಿ ದೊಡ್ಡ ಊರು, ಬಂದರು. ಅಲ್ಲಿ ಕಪ್ಪು ಜನರೇ ಜಾಸ್ತಿ. ಅಲ್ಲಿ ಅಲೆಕ್ಸಾಂಡರ್ ಮ್ಯಾನ್ಲಿ ಅನ್ನುವ ಕಪ್ಪು ಸಂಪಾದಕರು 'ಡೈಲಿ ರೆಕಾರ್ಡ್' ಅನ್ನುವ ಪತ್ರಿಕೆ ನಡೆಸುತ್ತಿದ್ದರು. ಬಿಳಿ ಹೆಂಗಸರ ಮಾನದ ಹೆಸರಿನಲ್ಲಿ ಕಪ್ಪು ಗಂಡಸರನ್ನು ಗುಂಪು ಕಟ್ಟಿ ಕೊಲ್ಲಬೇಕು ಅಂತ ಜಾರ್ಜಿಯಾದ ರೆಬೆಕಾ ಫೆಲ್ಟನ್ ಭಾಷಣ ಮಾಡಿದ್ದಳು. ಮ್ಯಾನ್ಲಿ ಅದಕ್ಕೆ ಉತ್ತರ ಬರೆದರು. ಕಪ್ಪು ಗಂಡಸು, ಬಿಳಿ ಹೆಂಗಸಿನ ನಡುವಿನ ಸಂಬಂಧಗಳು ಎಷ್ಟೋ ಸಲ ಇಬ್ಬರ ಇಷ್ಟದಿಂದಲೇ ಇರುತ್ತವೆ, ಬಿಳಿ ಗಂಡಸರು ಕಪ್ಪು ಹೆಂಗಸರಿಗೆ ಮಾಡಿರುವುದನ್ನೂ ನೆನಪಿಟ್ಟುಕೊಳ್ಳಿ ಅಂತ. ಡೇನಿಯಲ್ಸ್‌ನ ಪತ್ರಿಕೆ ಮತ್ತು ಅವನ ಪಕ್ಷದ ಉಳಿದ ಪತ್ರಿಕೆಗಳು ಆ ಬರಹವನ್ನು ಚುನಾವಣೆ ಬರುವವರೆಗೂ ಮತ್ತೆ ಮತ್ತೆ ಅಚ್ಚು ಹಾಕಿದವು.

ನವೆಂಬರ್ 8ಕ್ಕೆ ಚುನಾವಣೆ. ಡೆಮಾಕ್ರಟರು ಶಾಸನಸಭೆ ಗೆದ್ದರು. ಹತ್ತನೇ ತಾರೀಖು ವಿಲ್ಮಿಂಗ್ಟನ್ನಿನಲ್ಲಿ ಡೆಮಾಕ್ರಟರ ಮುಖಂಡ ಆಲ್ಫ್ರೆಡ್ ವಾಡೆಲ್ ಮುಂದೆ ನಿಂತು ಬಂದೂಕು ಹಿಡಿದ ಗುಂಪನ್ನು ಕರೆದುಕೊಂಡು ಹೋದ. ಮ್ಯಾನ್ಲಿಯವರ ಪ್ರೆಸ್ ಸುಟ್ಟರು. ಆಮೇಲೆ ಬೀದಿ ಬೀದಿಯಲ್ಲಿ ಗುಂಡು ಹಾರಿತು. ಸತ್ತವರ ಲೆಕ್ಕ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹದಿನಾಲ್ಕು ಅನ್ನುವವರಿದ್ದಾರೆ, ಅರವತ್ತಕ್ಕೂ ಮೇಲೆ ಅನ್ನುವವರಿದ್ದಾರೆ. ಜನರು ಆರಿಸಿದ್ದ ಮೇಯರ್‌ನನ್ನೂ ನಗರಸಭೆಯವರನ್ನೂ ಅವತ್ತೇ ರಾಜೀನಾಮೆ ಕೊಡಿಸಿ ವಾಡೆಲ್ ತಾನೇ ಮೇಯರ್ ಆದ.

ಅಚ್ಚುಮೊಳೆ:

ನಾನು ಧಾರವಾಡ ಕಡೆ ಪ್ರೆಸ್‌ನಲ್ಲಿ ಕಂಪೋಸಿಂಗ್ ಮಾಡಿದವನು. ಸೀಸದ ಅಕ್ಷರಗಳ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಒಂದು ಮಾತು ಸೇರಿಸುತ್ತೇನೆ.

ಆ ಕಾಲದಲ್ಲಿ ಪತ್ರಿಕೆಗೆ ಚಿತ್ರ ಹಾಕುವುದು ಸುಲಭ ಇರಲಿಲ್ಲ. ಅಕ್ಷರ ಆದರೆ ಕೇಸ್‌ನಿಂದ ಮೊಳೆ ತೆಗೆದು ಜೋಡಿಸಬಹುದು. ಚಿತ್ರಕ್ಕೆ ಬ್ಲಾಕ್, ಅಂದರೆ ಚಿತ್ರ ಕೊರೆದ ಅಚ್ಚಿನ ಹಲಗೆ, ಮಾಡಿಸಬೇಕು. ಅದಕ್ಕೆ ದುಡ್ಡು ಬೇಕು, ಹೊತ್ತು ಬೇಕು, ಮುಂಚೆಯೇ ಯೋಚನೆ ಮಾಡಿರಬೇಕು. ನಮ್ಮ ಪ್ರೆಸ್‌ನಲ್ಲಿ ಒಂದು ಬ್ಲಾಕ್ ಬಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ವರ್ಷಗಟ್ಟಲೆ ಬಳಸುತ್ತಿದ್ದೆವು. 1898ರಲ್ಲಿ ಒಬ್ಬ ಸಂಪಾದಕ ತಿಂಗಳುಗಟ್ಟಲೆ ಹೊಸ ಹೊಸ ಚಿತ್ರ ಮುಖಪುಟಕ್ಕೆ ಹಾಕುತ್ತಾನೆ ಅಂದರೆ ಅದು ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಲ್ಲ. ಕಲಾವಿದನನ್ನು ಕರೆಸಿ, ದುಡ್ಡು ಹೊಂದಿಸಿ, ಇವತ್ತು ಏನು ಹಾಕೋಣ, ನಾಳೆ ಏನು ಹಾಕೋಣ ಅಂತ ಕೂತು ಮಾಡಿದ ಕೆಲಸ. ಆವೇಶದಲ್ಲಿ ಆಯಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬೇಲೂರಿನವಳು:

@ಅಚ್ಚುಮೊಳೆ ಸರ್, ಇದು ನನಗೆ ಹೊಳೆದೇ ಇರಲಿಲ್ಲ. ನೀವು ಹೇಳಿದ್ದು ಸರಿಯಾಗಿ ಹೊಂದುತ್ತದೆ. ಆ ಜೆನೆಟ್ ಹುಡುಗನಿಗೆ ಚಿತ್ರಕಲೆ ಕಲಿಯಲು ನ್ಯೂಯಾರ್ಕಿಗೆ ಹೋಗಲು ನೆರವಾದವನೇ ಡೇನಿಯಲ್ಸ್. ಚುನಾವಣೆಗೆ ಅಂತ ವಾಪಸ್ ಕರೆಸಿಕೊಂಡ.

ಕಾರವಾರದ ಕಡಲು:

ನಾನು ನೌಕಾಪಡೆಯಲ್ಲಿ ಸೇಲರ್ ಆಗಿ ಸೇರಿ ನಿವೃತ್ತಿ ಆದವನು. 1898ರಲ್ಲಿ ನಡೆದದ್ದು ಘೋರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಂತ್ರಿಯಾಗಿ ಡೇನಿಯಲ್ಸ್ ಅವರು ಮಾಡಿದ್ದನ್ನು ಇಲ್ಲಿ ಯಾರೂ ಹೇಳುತ್ತಿಲ್ಲವಲ್ಲ. ಕೆಳಗಿನ ದರ್ಜೆಯವನಿಗೆ ಅದರ ಬೆಲೆ ಗೊತ್ತು.

1914ರ ಜನರಲ್ ಆರ್ಡರ್ 99 ಅಂದರೆ ಹಡಗಿನಲ್ಲಿ ಮದ್ಯ ನಿಷೇಧ. ಎಲ್ಲರೂ ಅದನ್ನು ಮೆಥಡಿಸ್ಟ್ ಭಕ್ತನ ಹಟ ಅಂತ ಬರೆಯುತ್ತಾರೆ. ಒಂದು ವಿಷಯ ಬಿಟ್ಟುಬಿಡುತ್ತಾರೆ. ಸಾಮಾನ್ಯ ಸೇಲರ್‌ಗಳಿಗೆ ಕೊಡುತ್ತಿದ್ದ ಮದ್ಯ 1862ರಲ್ಲೇ ನಿಂತಿತ್ತು. ಆಮೇಲೆ ಐವತ್ತು ವರ್ಷ ಆಫೀಸರ್‌ಗಳ ಮೆಸ್‌ನಲ್ಲಿ ಮಾತ್ರ ವೈನ್ ಇತ್ತು. ಇವರು ಅದನ್ನೂ ನಿಲ್ಲಿಸಿದರು. ಕೆಳಗಿನವನಿಗೆ ಒಂದು ನ್ಯಾಯ, ಮೇಲಿನವನಿಗೆ ಇನ್ನೊಂದು ನ್ಯಾಯ ಇರಬಾರದು ಅನ್ನುವುದು ಅದರ ಒಳಗಿನ ಮಾತು.

ಹಡಗಿನ ಮೇಲೇ ಓದು ಬರಹ, ಲೆಕ್ಕ ಕಲಿಸುವ ಪಾಠ ಶುರು ಮಾಡಿಸಿದರು. ಸಾಮಾನ್ಯ ಸೇಲರ್ ಕೂಡ ಪರೀಕ್ಷೆ ಬರೆದು ಅನಾಪೊಲಿಸ್‌ನ ನೌಕಾ ಅಕಾಡೆಮಿ ಸೇರಿ ಆಫೀಸರ್ ಆಗಬಹುದು ಅನ್ನುವ ದಾರಿ ತೆರೆಸಿದರು. ಅಡ್ಮಿರಲ್‌ಗಳು ಇವರನ್ನು ಹಳ್ಳಿಗಮಾರ ಅಂತ ನೋಡುತ್ತಿದ್ದರು. ಉಪಮಂತ್ರಿಯಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ ಮೊದಮೊದಲು ಪಾರ್ಟಿಗಳಲ್ಲಿ ಇವರನ್ನು ಆಡಿಕೊಳ್ಳುತ್ತಿದ್ದರು. ಆಮೇಲೆ ಅದೇ ರೂಸ್‌ವೆಲ್ಟ್ ಅಧ್ಯಕ್ಷರಾದ ಮೇಲೂ ಇವರನ್ನು 'ಚೀಫ್' ಅಂತಲೇ ಕರೆದರು.

ಇನ್ನು ಉಕ್ಕಿನ ಕಂಪನಿಗಳ ವಿಷಯ. ಯುದ್ಧನೌಕೆಗೆ ಹಾಕುವ ದಪ್ಪ ಉಕ್ಕಿನ ತಗಡಿಗೆ ಟೆಂಡರ್ ಕರೆದರೆ ಮೂರೂ ಕಂಪನಿಗಳು ಒಂದೇ ದರ ಬರೆದು ಕಳಿಸಿದವು. ಡೇನಿಯಲ್ಸ್ ಅದನ್ನು ತಳ್ಳಿಹಾಕಿದರು. ಸರ್ಕಾರದ್ದೇ ಒಂದು ಕಾರ್ಖಾನೆ ಬೇಕು ಅಂತ ಹೋರಾಡಿದರು. ನೌಕಾಪಡೆಗೆ ಮೀಸಲಿಟ್ಟ ಎಣ್ಣೆ ನೆಲ ಖಾಸಗಿಯವರ ಪಾಲಾಗದ ಹಾಗೆ ಕಾದರು. ಅವರು ಇಳಿದ ಸ್ವಲ್ಪ ಕಾಲದಲ್ಲೇ ಅದೇ ನೆಲ ಟೀಪಾಟ್ ಡೋಮ್ ಹಗರಣಕ್ಕೆ ಸಿಕ್ಕಿತು, ಅಂದರೆ ಲಂಚ ತಿಂದು ಅದನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು.

1917ರಲ್ಲಿ ಹೆಂಗಸರನ್ನೂ ನೌಕಾಪಡೆಗೆ ಸೇರಿಸಿಕೊಂಡರು. ಗುಮಾಸ್ತ ಹುದ್ದೆಗೆ ಗಂಡಸೇ ಆಗಬೇಕು ಅಂತ ಕಾನೂನಿನಲ್ಲಿ ಎಲ್ಲಿದೆ ಅಂತ ಕೇಳಿ, ಇಲ್ಲ ಅಂದ ಮೇಲೆ ಸೇರಿಸಿದರು. ಹನ್ನೊಂದು ಸಾವಿರಕ್ಕೂ ಜಾಸ್ತಿ ಹೆಂಗಸರು ಗಂಡಸರ ಸಮಾನ ಸಂಬಳಕ್ಕೆ ದುಡಿದರು. ಆಗ ದೇಶದ ಎಷ್ಟೋ ರಾಜ್ಯಗಳಲ್ಲಿ ಹೆಂಗಸರಿಗೆ ಮತವೇ ಇರಲಿಲ್ಲ. ಇದನ್ನೆಲ್ಲ ಒಂದು ಚುನಾವಣೆಗಾಗಿ ಅಳಿಸಿಹಾಕುವುದು ನ್ಯಾಯವಾ?

ಶರಾವತಿ:

ಕಾನೂನು ಓದುತ್ತಿದ್ದೇನೆ, ಆ ಕಡೆಯಿಂದ ಹೇಳುತ್ತೇನೆ. @ಕಾರವಾರದ ಕಡಲು ಅಣ್ಣ, 'ಒಂದು ಚುನಾವಣೆ' ಅಂದಿರಿ. ಅದು ಒಂದು ಚುನಾವಣೆಗೆ ಮುಗಿಯಲಿಲ್ಲ. ಗೆದ್ದ ಕೂಡಲೇ ಅವರು ಮಾಡಿದ ಕೆಲಸ ನೋಡಿ.

1900ರ ಆಗಸ್ಟಿನಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರು. ಮತ ಹಾಕಲು ಸಂವಿಧಾನದ ಭಾಗ ಓದಿ ಬರೆಯಲು ಬರಬೇಕು, ತಲೆಗಂದಾಯ ಕಟ್ಟಿರಬೇಕು. ಹಾಗಾದರೆ ಓದು ಬಾರದ ಬಿಳಿಯರ ಗತಿ? ಅದಕ್ಕೇ ಒಂದು ವಿನಾಯಿತಿ ಇಟ್ಟರು. 1867ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಯಾರ ಅಪ್ಪನಿಗೋ ತಾತನಿಗೋ ಮತ ಇತ್ತೋ ಅವರು ಓದದಿದ್ದರೂ ಪರವಾಗಿಲ್ಲ, 1908ರ ಒಳಗೆ ಹೆಸರು ಬರೆಸಿದರೆ ಸಾಕು. ತಾರೀಖು ಗಮನಿಸಿ. ದಕ್ಷಿಣದ ಕಪ್ಪು ಗಂಡಸರಿಗೆ ಮತ ಕೊಟ್ಟ ಕಾನೂನು ಬಂದದ್ದು 1867ರ ಮಾರ್ಚ್‌ನಲ್ಲಿ. ಜನವರಿಯಲ್ಲಿ ಅವರ ಯಾರ ತಾತನಿಗೂ ಮತ ಇರಲಿಲ್ಲ. ಕಾನೂನಿನಲ್ಲಿ ಬಣ್ಣದ ಹೆಸರೇ ಎತ್ತದೆ, ಬರೀ ಒಂದು ತಾರೀಖಿನಿಂದ ಕೆಲಸ ಮುಗಿಸಿದರು.

ಲೂಸಿಯಾನಾದಲ್ಲಿ ಇಂಥದ್ದು 1898ರಲ್ಲೇ ಬಂದಿತ್ತು. ಅದು ಹೇಗೆ ನಡೆಯುತ್ತದೆ ಅಂತ ನೋಡಿಕೊಂಡು ಬರಲು ಅಲ್ಲಿಗೆ ಹೋದವರು ಯಾರು ಗೊತ್ತಾ? ಸಂಪಾದಕ ಡೇನಿಯಲ್ಸ್. ನೋಡಿ ಬಂದು ತನ್ನ ಪತ್ರಿಕೆಯಲ್ಲಿ ಹೊಗಳಿ ಬರೆದ.

ಇಂಥ ತಾತನ ಷರತ್ತು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1915ರಲ್ಲಿ, ಒಕ್ಲಹೋಮಾದ ಮೊಕದ್ದಮೆಯಲ್ಲಿ. ಅಷ್ಟರಲ್ಲಿ ನಾರ್ತ್ ಕೆರೊಲಿನಾದಲ್ಲಿ ಅದರ ಅವಧಿಯೂ ಮುಗಿದಿತ್ತು, ಕೆಲಸವೂ ಮುಗಿದಿತ್ತು. ಓದಿನ ಪರೀಕ್ಷೆ ಮಾತ್ರ 1965ರ ಮತಹಕ್ಕು ಕಾಯ್ದೆ ಬರುವವರೆಗೂ ಜನರನ್ನು ಕಾಡಿತು.

ಹಾಸನದ ಹುಡುಗ:

ಇದನ್ನೆಲ್ಲ ಓದುತ್ತಿದ್ದರೆ ನಮ್ಮ ಈಗಿನ ಟೀವಿ ಚಾನೆಲ್‌ಗಳೇ ನೆನಪಾಗುತ್ತವೆ. ನಮ್ಮಲ್ಲೂ ಕೆಲವರು ಸ್ಟುಡಿಯೋದಿಂದ ನೇರ ಟಿಕೆಟ್ ತಗೊಂಡು…

ನಿರ್ವಾಹಕ:

ಈಗಿನ ಪಕ್ಷಗಳ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ವಿಷಯ ಡೇನಿಯಲ್ಸ್. ದಯವಿಟ್ಟು ಸಹಕರಿಸಿ.

ಬೇಲೂರಿನವಳು:

@ಕಾರವಾರದ ಕಡಲು ಸರ್, ನೀವು ಹೇಳಿದ ಒಂದೊಂದೂ ನಿಜ. ನಾನು ಯಾವುದನ್ನೂ ಅಳಿಸುವುದಿಲ್ಲ. ನನ್ನ ಮಾತು ಬೇರೆ. ಆ ಸುಧಾರಣೆಗೂ ಈ ದ್ವೇಷಕ್ಕೂ ಬೇರು ಒಂದೇ.

ಸ್ವಲ್ಪ ಯೋಚನೆ ಮಾಡಿ. ರೈಲ್ವೆ ವಿರುದ್ಧ, ತಂಬಾಕು ಟ್ರಸ್ಟ್ (ಇಡೀ ವ್ಯಾಪಾರ ಕೈಲಿ ಹಿಡಿದ ಕಂಪನಿಗಳ ಕೂಟ) ವಿರುದ್ಧ, ದೊಡ್ಡ ಬಂಡವಾಳದ ವಿರುದ್ಧ ಡೇನಿಯಲ್ಸ್ ಜೀವನಪೂರ್ತಿ ಬರೆದ. ಅದು ಬಡ ಬಿಳಿ ರೈತನ ಮಾತು. ಪಾಪ್ಯುಲಿಸ್ಟರು ಕೇಳಿದ್ದೂ ಅದನ್ನೇ. ಆದರೆ ಅವರು ಅದನ್ನು ಕಪ್ಪು ಜನರ ಜೊತೆ ಸೇರಿ ಕೇಳಿದರು. ಡೇನಿಯಲ್ಸ್ ಮಾಡಿದ್ದೇನೆಂದರೆ, ಆ ಬೇಡಿಕೆ ಇಟ್ಟುಕೊಂಡು ಆ ಜೊತೆಯನ್ನು ಮುರಿದದ್ದು. ನಿನಗೆ ಶಾಲೆ ಕೊಡುತ್ತೇವೆ, ರೈಲ್ವೆಗೆ ಕಡಿವಾಣ ಹಾಕುತ್ತೇವೆ, ಆದರೆ ಕಪ್ಪು ಮನುಷ್ಯನ ಮತ ತೆಗೆಯಲು ನಮ್ಮ ಜೊತೆ ಬಾ. 1900ರಲ್ಲಿ ಗೆದ್ದ ರಾಜ್ಯಪಾಲ ಚಾರ್ಲ್ಸ್ ಎಕಾಕ್‌ನನ್ನು ಶಿಕ್ಷಣದ ರಾಜ್ಯಪಾಲ ಅಂತ ಹೊಗಳುತ್ತಾರೆ. ಮತ ತೆಗೆಯುವ ತಿದ್ದುಪಡಿ, ಶಾಲೆಯ ಭರವಸೆ ಎರಡೂ ಒಂದೇ ಪ್ರಚಾರದಲ್ಲಿ, ಒಂದೇ ಬಾಯಿಂದ ಬಂದವು. ಡೇನಿಯಲ್ಸ್ ಅವನ ದೊಡ್ಡ ಬೆಂಬಲಿಗ.

ವಾಷಿಂಗ್ಟನ್ನಿಗೆ ಹೋದ ಮೇಲೂ ಆ ಲೆಕ್ಕ ಬದಲಾಗಲಿಲ್ಲ. 1913ರ ಏಪ್ರಿಲ್‌ನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸಂಪುಟದ ಸಭೆಯಲ್ಲಿ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸುವ ಮಾತು ಬಂತು. ಅದು ನಮಗೆ ಗೊತ್ತಿರುವುದೇ ಡೇನಿಯಲ್ಸ್ ಬರೆದಿಟ್ಟ ದಿನಚರಿಯಿಂದ. ಅವನ ಕಾಲದಲ್ಲಿ ಕಪ್ಪು ಸೇಲರ್‌ಗಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಅಡುಗೆ, ಬಡಿಸುವುದು, ಎಂಜಿನ್‌ಗೆ ಕಲ್ಲಿದ್ದಲು ಹಾಕುವುದು. 1919ರಲ್ಲಿ ಅವರ ಹೊಸ ನೇಮಕಾತಿಯೇ ನಿಂತುಹೋಯಿತು. ಮತ್ತೆ ಶುರುವಾಗಿದ್ದು 1930ರ ದಶಕದಲ್ಲಿ. ಅನಾಪೊಲಿಸ್‌ಗೆ ಹೋಗುವ ದಾರಿ ತೆರೆದರು ಅಂದಿರಿ. ಯಾರಿಗೆ ತೆರೆಯಿತು ಅನ್ನುವುದನ್ನೂ ಕೇಳಬೇಕಲ್ವಾ? ಆ ಅಕಾಡೆಮಿಯಿಂದ ಮೊದಲ ಕಪ್ಪು ಪದವೀಧರ ಹೊರಬಂದದ್ದು 1949ರಲ್ಲಿ, ಡೇನಿಯಲ್ಸ್ ಸತ್ತ ಮರುವರ್ಷ.

1915ರಲ್ಲಿ ಹೈಟಿ ದೇಶಕ್ಕೆ ಅಮೆರಿಕದ ಮರೀನ್‌ಗಳು ಇಳಿದರು. ಮರೀನ್‌ಗಳು ಅಂದರೆ ಅವನ ಇಲಾಖೆ. ಅವರು ಅಲ್ಲಿಂದ ಹೊರಟದ್ದು 1934ರಲ್ಲಿ. ಕಪ್ಪು ಜನರ ಗಣರಾಜ್ಯ ಅದು.

ಅಚ್ಚುಮೊಳೆ:

ಬ್ಯಾಸೆಟ್ ಪ್ರಕರಣ ಯಾರೂ ಹೇಳಲಿಲ್ಲ. ಸಂಪಾದಕನ ಗುಣ ನೋಡಬೇಕಾದರೆ ಅದನ್ನು ನೋಡಬೇಕು.

1903. ಡರ್ಹಮ್‌ನ ಟ್ರಿನಿಟಿ ಕಾಲೇಜಿನಲ್ಲಿ ಜಾನ್ ಸ್ಪೆನ್ಸರ್ ಬ್ಯಾಸೆಟ್ ಅಂತ ಇತಿಹಾಸದ ಪ್ರೊಫೆಸರ್. ಅದೇ ಕಾಲೇಜು ಈಗಿನ ಡ್ಯೂಕ್ ವಿಶ್ವವಿದ್ಯಾಲಯ. ಅವರೂ ಬಿಳಿಯರೇ. ತಾವೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬಣ್ಣದ ದ್ವೇಷವನ್ನು ರಾಜಕಾರಣಿಗಳು, ಪತ್ರಿಕೆಗಳು ಬೇಕಂತ ಊದಿ ಉರಿಸುತ್ತಿವೆ ಅಂದರು. ಜೊತೆಗೆ ಇನ್ನೊಂದು ಸಾಲು. ಕಳೆದ ನೂರು ವರ್ಷದಲ್ಲಿ ದಕ್ಷಿಣದಲ್ಲಿ ಹುಟ್ಟಿದವರಲ್ಲಿ, ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿಯಾಗಿದ್ದ ಜನರಲ್ ಲೀ ಒಬ್ಬರನ್ನು ಬಿಟ್ಟರೆ, ಕಪ್ಪು ಜನರ ಶಿಕ್ಷಣ ನಾಯಕ ಬುಕರ್ ವಾಷಿಂಗ್ಟನ್ ಅವರೇ ದೊಡ್ಡ ಮನುಷ್ಯ ಅಂತ.

ಡೇನಿಯಲ್ಸ್ ಆ ಲೇಖನವನ್ನು ತನ್ನ ಪತ್ರಿಕೆಯಲ್ಲಿ ಹಾಕಿ ಬೆಂಕಿ ಹಚ್ಚಿದ. ಬ್ಯಾಸೆಟ್‌ರ ಹೆಸರನ್ನು ಹೇಗೆ ಅಚ್ಚು ಹಾಕಿದ ಗೊತ್ತಾ? ಮೊದಲ ಅಕ್ಷರ ಸಣ್ಣದು. ನಡುವಿನ ಎ, ಎಸ್, ಎಸ್ ಮೂರು ದೊಡ್ಡದು. ಉಳಿದದ್ದು ಸಣ್ಣದು. ಇಂಗ್ಲಿಷಿನಲ್ಲಿ ಆ ಮೂರು ಅಕ್ಷರ ಸೇರಿದರೆ ಕತ್ತೆ. ಹೆಸರು ಬಂದ ಕಡೆಯೆಲ್ಲ ಹೀಗೇ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಕೈತಪ್ಪಿ ಹಾಗೆ ಬೀಳುವುದಿಲ್ಲ. ಪ್ರೂಫ್ ನೋಡುವವನೂ ಅದನ್ನು ಹಾಗೇ ಬಿಡಬೇಕು. ಇಡೀ ಪ್ರೆಸ್‌ಗೆ ಯಜಮಾನನ ಮನಸ್ಸು ಗೊತ್ತಿದ್ದರೇ ಅದು ಆಗುವುದು.

ಬ್ಯಾಸೆಟ್ ರಾಜೀನಾಮೆ ಕೊಡಲು ಮುಂದಾದರು. ಕಾಲೇಜಿನ ಟ್ರಸ್ಟಿಗಳು 18ಕ್ಕೆ 7 ಮತದಿಂದ ಅವರನ್ನು ಉಳಿಸಿಕೊಂಡರು. ಅಮೆರಿಕದಲ್ಲಿ ಪ್ರಾಧ್ಯಾಪಕರ ಮಾತಿನ ಸ್ವಾತಂತ್ರ್ಯದ ಕಥೆಯಲ್ಲಿ ಅದೊಂದು ದೊಡ್ಡ ಮೈಲಿಗಲ್ಲು. ಡೇನಿಯಲ್ಸ್‌ಗೆ ಸಿಕ್ಕ ಅಪರೂಪದ ಸೋಲು.

ಸುಮ್ನೆ ಓದುಗ:

ಇಷ್ಟೆಲ್ಲ ಆದ ಮೇಲೂ ಮೆಕ್ಸಿಕೋಗೆ ರಾಯಭಾರಿ ಅಂದಿರಿ. ಅಲ್ಲಿ ಹೇಗಿದ್ದ?

ಕಾರವಾರದ ಕಡಲು:

ಅದನ್ನು ನಾನು ಹೇಳುತ್ತೇನೆ.

1914ರಲ್ಲಿ ಅಮೆರಿಕದ ನೌಕಾಪಡೆ ಮೆಕ್ಸಿಕೋದ ವೆರಾಕ್ರುಜ್ ಬಂದರಿಗೆ ನುಗ್ಗಿತ್ತು. ಹಡಗುಗಳಿಗೆ ಆಜ್ಞೆ ಹೋದದ್ದು ಡೇನಿಯಲ್ಸ್ ಅವರ ಸಹಿಯಿಂದ. ಅದಕ್ಕೇ 1933ರಲ್ಲಿ ಇವರ ಹೆಸರು ಬಂದಾಗ ಮೆಕ್ಸಿಕೋದಲ್ಲಿ ರಾಯಭಾರ ಕಚೇರಿಗೆ ಕಲ್ಲು ಬಿತ್ತು. ಇವರಿಗೆ ಸ್ಪ್ಯಾನಿಶ್ ಬರುತ್ತಿರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು. ಯಾರಿಗೂ ಭರವಸೆ ಇರಲಿಲ್ಲ.

ಆದರೆ ಎಂಟು ವರ್ಷ ಅಲ್ಲಿ ಇದ್ದು ಮೆಕ್ಸಿಕೋದವರ ಪ್ರೀತಿ ಗಳಿಸಿದರು. 1938ರ ಮಾರ್ಚ್ 18ರಂದು ಅಧ್ಯಕ್ಷ ಲಾಸಾರೋ ಕಾರ್ದೆನಾಸ್ ವಿದೇಶಿ ಎಣ್ಣೆ ಕಂಪನಿಗಳನ್ನು ದೇಶದ ಆಸ್ತಿ ಮಾಡಿಕೊಂಡರು. ಅಮೆರಿಕದ ಕಂಪನಿಗಳು ಕೂಗಾಡಿದವು. ವಾಷಿಂಗ್ಟನ್ನಿನಿಂದ ವಿದೇಶಾಂಗ ಮಂತ್ರಿ ಕಾರ್ಡೆಲ್ ಹಲ್ ಖಾರವಾದ ಪತ್ರ ಕಳಿಸಿದರು. ಡೇನಿಯಲ್ಸ್ ಅದನ್ನು ತಲುಪಿಸಿದರು, ಆದರೆ ತಲುಪಿಲ್ಲ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಮೆಕ್ಸಿಕೋದವರಿಗೆ ಒಪ್ಪಿಗೆ ಕೊಟ್ಟರು. ಮೇಲಿನವರ ಸಿಟ್ಟಿಗೆ ಸಿಗುವ ಕೆಲಸ ಅದು. ಸಂಬಂಧ ಮುರಿಯಲಿಲ್ಲ. ಪರಿಹಾರದ ಮಾತು ನಿಧಾನವಾಗಿ ಇತ್ಯರ್ಥ ಆಯಿತು. ಎಣ್ಣೆ ಮೆಕ್ಸಿಕೋದ್ದೇ ಆಗಿ ಉಳಿಯಿತು.

ಶರಾವತಿ:

ಅಣ್ಣ, ಮೆಕ್ಸಿಕೋ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಬೇರೆ ದೇಶದ ಬಡವರ ನೋವು ಅರ್ಥವಾದ ಮನುಷ್ಯನಿಗೆ ತನ್ನ ಊರಿನ ಬೀದಿಯಲ್ಲಿರುವವರದ್ದು ಕಾಣಲಿಲ್ಲವಲ್ಲ. ಅದಕ್ಕೇ ಜಾಸ್ತಿ ನೋವಾಗುತ್ತದೆ.

ಇವನೊಬ್ಬನೇನಾ, ಅಥವಾ ಆಗ ಬೇರೆ ಸಂಪಾದಕರೂ ಹೀಗೇ ರಾಜಕೀಯಕ್ಕೆ ಬಂದಿದ್ದರಾ?

ಬೇಲೂರಿನವಳು:

ಬೇಕಾದಷ್ಟು ಜನ. ಎರಡು ಹೆಸರು ಹೇಳುತ್ತೇನೆ.

ಹೋಕ್ ಸ್ಮಿತ್, 'ಅಟ್ಲಾಂಟಾ ಜರ್ನಲ್' ಪತ್ರಿಕೆಯ ಒಡೆಯನಾಗಿದ್ದವನು. ಅವನು ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗ ಡೇನಿಯಲ್ಸ್ ಅವನ ಇಲಾಖೆಯಲ್ಲೇ ಹೆಡ್ ಗುಮಾಸ್ತನಾಗಿ ಕೆಲಸ ಮಾಡಿದ್ದ. 1906ರಲ್ಲಿ ಸ್ಮಿತ್ ಜಾರ್ಜಿಯಾದ ರಾಜ್ಯಪಾಲ ಹುದ್ದೆಗೆ ನಿಂತ. ಎದುರಾಳಿ ಕ್ಲಾರ್ಕ್ ಹಾವೆಲ್, 'ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್' ಪತ್ರಿಕೆಯ ಸಂಪಾದಕ. ಕಪ್ಪು ಜನರನ್ನು ಮತದಿಂದ ದೂರ ಇಡುವುದರಲ್ಲಿ ಯಾರು ಗಟ್ಟಿ ಅಂತ ಇಬ್ಬರ ನಡುವೆ ಪೈಪೋಟಿ. ಅದೇ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾದ ಪತ್ರಿಕೆಗಳು ಹಲ್ಲೆಯ ಸುದ್ದಿ ಅಂತ ಒಂದರ ಹಿಂದೆ ಒಂದು ವಿಶೇಷ ಸಂಚಿಕೆ ಹೊರಡಿಸಿದವು. ಬಿಳಿಯರ ಗುಂಪುಗಳು ದಿನಗಟ್ಟಲೆ ಕಪ್ಪು ಜನರನ್ನು ಹುಡುಕಿ ಕೊಂದವು.

ಇನ್ನೊಬ್ಬ ಕಾರ್ಟರ್ ಗ್ಲಾಸ್, ವರ್ಜೀನಿಯಾದ ಲಿಂಚ್‌ಬರ್ಗ್‌ನ ಸಂಪಾದಕ. ಅಮೆರಿಕದ ಕೇಂದ್ರ ಬ್ಯಾಂಕ್ ಕಟ್ಟಿದ ಫೆಡರಲ್ ರಿಸರ್ವ್ ಕಾಯ್ದೆ, ಬ್ಯಾಂಕಿಂಗ್‌ನ ಗ್ಲಾಸ್-ಸ್ಟೀಗಲ್ ಕಾಯ್ದೆ ಎರಡರಲ್ಲೂ ಅವನ ಕೈ ಇದೆ. ಹಣಕಾಸು ಕ್ಷೇತ್ರದಲ್ಲಿರುವ ನಮ್ಮವರಿಗೆ ಹೆಸರು ಗೊತ್ತಿರುತ್ತದೆ. 1901-02ರಲ್ಲಿ ವರ್ಜೀನಿಯಾದ ಸಂವಿಧಾನ ಬದಲಿಸುವ ಸಭೆಯಲ್ಲಿ ಅವನೂ ಇದ್ದ. ಇದು ತಾರತಮ್ಯ ಅಲ್ವಾ ಅನ್ನುವ ಮಾತಿಗೆ, ತಾರತಮ್ಯ ಮಾಡುವುದೇ ನಮ್ಮ ಉದ್ದೇಶ, ಅದಕ್ಕೇ ನಮ್ಮನ್ನು ಆರಿಸಿ ಕಳಿಸಿದ್ದಾರೆ ಅಂತ ಬಿಚ್ಚಿ ಹೇಳಿದ.

ಸುಮ್ನೆ ಓದುಗ:

ಡೇನಿಯಲ್ಸ್‌ಗೆ ಕೊನೆಗಾಲದಲ್ಲಾದರೂ ಪಶ್ಚಾತ್ತಾಪ ಆಯಿತಾ?

ಬೇಲೂರಿನವಳು:

1941ರಲ್ಲಿ ಬಂದ ತನ್ನ ಆತ್ಮಕಥೆಯ ಭಾಗದಲ್ಲಿ 1898ರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಪತ್ರಿಕೆ ಬಿಳಿಯರ ಮೇಲುಗಾರಿಕೆಯ ಪರ ಹೋರಾಡುವ ದನಿಯಾಗಿತ್ತು ಅನ್ನುತ್ತಾನೆ. ಕೆಲವರ ಮೇಲೆ ತುಂಬಾ ಕ್ರೂರವಾಗಿ ಬರೆದೆವು ಅಂತಲೂ ಒಪ್ಪುತ್ತಾನೆ. ಬಂದ ಸುದ್ದಿಯನ್ನೆಲ್ಲ ಸರಿಯಾಗಿ ಜರಡಿ ಹಿಡಿಯಲಿಲ್ಲ ಅನ್ನುವುದೂ ಅವನ ಬರಹದಲ್ಲೇ ಇದೆ. ಅಷ್ಟೇ. ಮಾಡಿದ ರೀತಿಯ ಬಗ್ಗೆ ಸ್ವಲ್ಪ ಬೇಸರ. ಮಾಡಿದ ಕೆಲಸ ತಪ್ಪು ಅನ್ನುವ ಮಾತು ಇಲ್ಲ. ಕಪ್ಪು ಜನರ ಮತ ತೆಗೆದದ್ದು ರಾಜ್ಯಕ್ಕೆ ಒಳ್ಳೆಯದಾಯಿತು ಅನ್ನುವ ನಂಬಿಕೆಯಲ್ಲೇ ಕೊನೆವರೆಗೂ ಇದ್ದ.

ಕ್ಷಮೆ ಕೇಳಿದ್ದು ಆಮೇಲಿನವರು. 2006ರಲ್ಲಿ ವಿಲ್ಮಿಂಗ್ಟನ್ ಘಟನೆಯ ಬಗ್ಗೆ ರಾಜ್ಯದ ಆಯೋಗದ ವರದಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ 'ನ್ಯೂಸ್ ಅಂಡ್ ಅಬ್ಸರ್ವರ್' ಪತ್ರಿಕೆಯೇ 1898ರ ಕಥೆಯನ್ನು ವಿಶೇಷ ಪುರವಣಿಯಾಗಿ ಹಾಕಿ, ತನ್ನ ಪಾತ್ರಕ್ಕೆ ಕ್ಷಮೆ ಕೇಳಿತು. ರಾಲಿಯ ನ್ಯಾಶ್ ಸ್ಕ್ವೇರ್‌ನಲ್ಲಿ ಅವನ ಪ್ರತಿಮೆ ಇತ್ತು, ಪತ್ರಿಕೆಯ ಹಳೇ ಕಚೇರಿಯ ಎದುರಿಗೆ. 2020ರ ಜೂನ್‌ನಲ್ಲಿ ಅವನ ಮನೆತನದವರೇ ನಿಂತು ಅದನ್ನು ತೆಗೆಸಿದರು. ಅವನ ಹೆಸರಿನ ಶಾಲೆಗೂ ಆ ವರ್ಷ ಬೇರೆ ಹೆಸರು ಬಂತು, ಈಗ ಓಬರ್ಲಿನ್ ಮಿಡ್ಲ್ ಸ್ಕೂಲ್. ನಮ್ಮ ಕನ್ನಡದ ಎಷ್ಟೋ ಮನೆಯವರು ಆ ದಾರಿಯಲ್ಲಿ ಓಡಾಡುತ್ತಾರೆ.

ಕಾರವಾರದ ಕಡಲು:

ಅವರ ಹೆಸರಿನ ಯುದ್ಧನೌಕೆಯೂ ಇತ್ತು, 1965ರಿಂದ 1994ರವರೆಗೆ. ಆ ಹಡಗಿನಲ್ಲಿ ಕಪ್ಪು ಸೇಲರ್‌ಗಳೂ ಕೆಲಸ ಮಾಡಿರುತ್ತಾರೆ.

ಆರ್ಡರ್ 99, ಉಕ್ಕಿನ ಟೆಂಡರ್, ಕಾರ್ದೆನಾಸ್, ಇವುಗಳ ಬಗ್ಗೆ ನಾನು ಹೇಳಿದ ಮಾತಿಗೆ ಈಗಲೂ ಬದ್ಧ. ಆದರೆ 1919ರಲ್ಲಿ ನೇಮಕಾತಿ ನಿಲ್ಲಿಸಿದ ಆ ಮಾತು ನನ್ನನ್ನು ಬಿಡುತ್ತಿಲ್ಲ. ಯುದ್ಧ ಮುಗಿದ ಮರುವರ್ಷ. ಅದೇ ನೌಕಾಪಡೆಯಲ್ಲಿ ಅವರು ಪ್ರಾಣ ಪಣಕ್ಕಿಟ್ಟು ದುಡಿದು ಬಂದಿದ್ದರು. ಕೆಳಗಿನವನ ಪರ ಅಂತ ಹೇಳುವ ಮಂತ್ರಿಯ ಕಾಲದಲ್ಲಿ ಅದು ಆಗಬಾರದಿತ್ತು.

ಸುಮ್ನೆ ಓದುಗ:

ಕೊನೆಯ ಪ್ರಶ್ನೆ ಮೇಡಂ. ಆ ಮ್ಯಾನ್ಲಿ ಏನಾದರು? ಅವತ್ತೇ ಕೊಂದರಾ?

ಬೇಲೂರಿನವಳು:

ಇಲ್ಲ. ಗುಂಪು ಬರುವ ಮೊದಲೇ ಊರು ಬಿಟ್ಟಿದ್ದರು. ಅವರ ಮೈಬಣ್ಣ ಎಷ್ಟು ತಿಳಿ ಅಂದರೆ ಬಿಳಿಯರ ಹಾಗೇ ಕಾಣುತ್ತಿದ್ದರು. ಅದೇ ಅವರನ್ನು ಉಳಿಸಿತು ಅನ್ನುತ್ತಾರೆ. ಅವರ ಪ್ರೆಸ್ ಹಳೇದು, ಅದೇ ಊರಿನ ಬಿಳಿಯರ ಪತ್ರಿಕೆಯವರಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಸುಟ್ಟ ಕಟ್ಟಡದ ಮುಂದೆ ಬಂದೂಕು ಹಿಡಿದು ಸಾಲಾಗಿ ನಿಂತು ಆ ಗುಂಪು ಫೋಟೋ ತೆಗೆಸಿಕೊಂಡಿತು. ಆ ಫೋಟೋ ಈಗಲೂ ಇದೆ.

ಮ್ಯಾನ್ಲಿ ವಾಷಿಂಗ್ಟನ್ನಿಗೆ ಹೋದರು. ಜಾರ್ಜ್ ವೈಟ್ ಅವರ ಹತ್ತಿರ ಕೆಲಸ ಮಾಡಿದರು. ವೈಟ್ ಕೂಡ 1900ರಲ್ಲಿ ಮತ್ತೆ ನಿಲ್ಲಲಿಲ್ಲ, ಗೆಲ್ಲುವ ದಾರಿಯೇ ಇರಲಿಲ್ಲ. ಅವರು 1901ರಲ್ಲಿ ಹೊರಬಂದ ಮೇಲೆ ಇಡೀ ಕಾಂಗ್ರೆಸ್‌ನಲ್ಲಿ 1929ರವರೆಗೆ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ. ನಾರ್ತ್ ಕೆರೊಲಿನಾದಿಂದ ಮುಂದಿನ ಕಪ್ಪು ಸದಸ್ಯರು, ಇವಾ ಕ್ಲೇಟನ್ ಮತ್ತು ಮೆಲ್ ವಾಟ್, ಗೆದ್ದದ್ದು 1992ರಲ್ಲಿ.

ಮ್ಯಾನ್ಲಿ ಆಮೇಲೆ ಫಿಲಡೆಲ್ಫಿಯಾದಲ್ಲಿ ನೆಲೆಸಿದರು. ಪೇಂಟಿಂಗ್ ಕೆಲಸ ಮಾಡಿ ಹೊಟ್ಟೆ ಹೊರೆದರು. ಚಿತ್ರ ಅಲ್ಲ, ಬಣ್ಣ ಬಳಿಯುವ ಕೆಲಸ. 1944ರಲ್ಲಿ ತೀರಿಕೊಂಡರು. ಅದೇ ಹೊತ್ತಿನಲ್ಲಿ ಡೇನಿಯಲ್ಸ್ ರಾಲಿಯಲ್ಲಿ ಕೂತು ತನ್ನ ಆತ್ಮಕಥೆಯ ಮುಂದಿನ ಸಂಪುಟಗಳನ್ನು ಹೊರತರುತ್ತಿದ್ದ. 1898ರಲ್ಲಿ ಒಂದೇ ರಾಜ್ಯದಲ್ಲಿದ್ದ ಇಬ್ಬರು ಸಂಪಾದಕರು ಇವರು.

ಅಚ್ಚುಮೊಳೆ:

'ಡೈಲಿ ರೆಕಾರ್ಡ್' ಪತ್ರಿಕೆಯ ಪ್ರತಿ ಏನಾದರೂ ಉಳಿದಿದೆಯಾ? ಮೊಳೆ, ಮಾರ್ಜಿನ್, ಜಾಹೀರಾತು ಹೇಗೆ ಕೂರಿಸಿದ್ದರು ಅಂತ ನೋಡಬೇಕು.

ಬೇಲೂರಿನವಳು:

ಕೆಲವೇ ಕೆಲವು ಪ್ರತಿ ಸಿಕ್ಕಿವೆ ಸರ್. ವಿಲ್ಮಿಂಗ್ಟನ್ನಿನ ಶಾಲಾ ಮಕ್ಕಳೂ ಸ್ಥಳೀಯ ಬರಹಗಾರರೂ ಸೇರಿ ಹುಡುಕಿ ಓದಿದ್ದಾರೆ. ಸ್ಕ್ಯಾನ್ ಮಾಡಿ ನಾರ್ತ್ ಕೆರೊಲಿನಾದ ಡಿಜಿಟಲ್ ಸಂಗ್ರಹದಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ನೋಡಬಹುದು. ನೀವು ನೋಡಿ ಇಲ್ಲೇ ಬರೆಯಿರಿ.

ಅಚ್ಚುಮೊಳೆ:

ಇವತ್ತು ರಾತ್ರಿಯೇ ನೋಡುತ್ತೇನೆ. ದೊಡ್ಡದು ಮಾಡಿ ಮೊಳೆ ಮೊಳೆಯಾಗಿ ನೋಡಬೇಕು, ಎರಡು ದಿನ ಕೊಡಿ.